ಪಾಸ್ ಉಚಿತ, ರೈಲು ಯಾವಾಗ?

ಅಬ್ಬಾ ಲಾರಿಯ ಕಾಗದಪತ್ರಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಇಡುತ್ತಾರೆ. ಹೋದ ತಿಂಗಳು ಇನ್ಶೂರೆನ್ಸ್ ರಸೀದಿ ಹುಡುಕುವಾಗ ಅದರಿಂದ ಒಂದು ಹಳೆಯ ರೈಲು ಟಿಕೆಟ್ ಕೆಳಗೆ ಬಿತ್ತು. ಕೆಲವು ವರ್ಷಗಳ ಹಿಂದೆ ಮಂಗಳೂರಿನಲ್ಲಿ ನಡೆದ ಒಂದು ನಿಕಾಹ್‌ಗೆ ನಾವೆಲ್ಲ ಸಕಲೇಶಪುರದಿಂದ ಹೋಗಿದ್ದಾಗಿನದು. ಶಾಯಿ ಅರ್ಧ ಮಾಸಿದೆ. ಕೆಳಗೆ ಸಣ್ಣ ಅಕ್ಷರದ ಒಂದು ಸಾಲು ಮಾತ್ರ ಓದಲು ಬರುತ್ತದೆ. ಪ್ರಯಾಣಕ್ಕೆ ತಗಲುವ ಖರ್ಚಿನಲ್ಲಿ ಸರಾಸರಿ ಶೇ. 57ರಷ್ಟನ್ನು ಮಾತ್ರ ರೈಲ್ವೆ ವಸೂಲಿ ಮಾಡುತ್ತದೆ ಎಂಬ ಸಾಲು ಅದು. ನೀವೂ ನೋಡಿರುತ್ತೀರಿ. ಆ ದಿನ ಹೊಸ ಬಟ್ಟೆ ಹಾಕಿಕೊಂಡು ಕಿಟಕಿ ಪಕ್ಕ ಕೂತು, ಸುರಂಗ ಬಂದಾಗಲೆಲ್ಲ ಕೂಗುತ್ತಿದ್ದ ನಾನು ದೇಶಕ್ಕೆ ಪ್ರತಿ ರೂಪಾಯಿಗೆ 43 ಪೈಸೆ ಸಾಲ ಉಳಿಸಿಕೊಂಡಿದ್ದೆ ಎಂದು ಆಗ ನನಗೆ ಗೊತ್ತಿರಲಿಲ್ಲ.

ಈ ಲೇಖನ ಆ 43 ಪೈಸೆಯ ಬಗ್ಗೆ. ವಾಣಿಜ್ಯ ವಿಭಾಗದವಳಾಗಿ ನನಗೆ ಆ ಲೆಕ್ಕ ಪೂರ್ತಿ ಒಪ್ಪಿಗೆಯಾಗಿಲ್ಲ. ಇನ್ನೊಂದು ಕಾರಣವೂ ಇದೆ. ದಿನಾ ಸಕಲೇಶಪುರದಿಂದ ಹಾಸನಕ್ಕೆ ಬಂದು ಹೋಗುವ ನನ್ನಂಥವರಿಗೆ ಕಾಲೇಜಿನ ಹೊತ್ತಿಗೆ ಒಂದು ರೈಲು ಯಾಕಿಲ್ಲ ಎಂದು ಯಾರನ್ನಾದರೂ ಕೇಳಿದರೆ, ಕೊನೆಗೆ ಸಿಗುವ ಉತ್ತರ ಇದೇ ಲೆಕ್ಕ. "ಪ್ಯಾಸೆಂಜರ್ ಗಾಡಿ ಅಂದ್ರೆ ಲಾಸ್ ಅಮ್ಮಾ."

ಮೊದಲು ಈ ಮಾರ್ಗದ ಕಥೆ ಸ್ವಲ್ಪ ಹೇಳಬೇಕು. ಹಾಸನದ ಪ್ಲಾಟ್‌ಫಾರ್ಮಿನಲ್ಲಿ ಫೋಟೋ ತೆಗೆಸಿಕೊಂಡವರಿಗೂ ಇದು ಹೆಚ್ಚು ಗೊತ್ತಿಲ್ಲ ಎನ್ನುವುದು ನನ್ನ ಅನುಭವ. ಹಾಸನದಿಂದ ಆಲೂರು, ಸಕಲೇಶಪುರ ದಾಟಿ, ಘಟ್ಟ ಇಳಿದು, ಸುಬ್ರಹ್ಮಣ್ಯ ರೋಡ್, ಪುತ್ತೂರು ಮೂಲಕ ಮಂಗಳೂರಿಗೆ ಹೋಗುವ ಈ ಹಳಿಯ ಉದ್ದ 180 ಕಿ.ಮೀ.ಗೂ ಹೆಚ್ಚು. ಒಂದೇ ಹಳಿ. ಮಂಗಳೂರಿನ ಹೊಸ ಬಂದರಿಗೆ ಒಳನಾಡಿನಿಂದ ಸರಕು ತಲುಪಬೇಕು ಎಂಬುದು ಇದನ್ನು ಹಾಕಿದ್ದಕ್ಕೆ ದೊಡ್ಡ ಕಾರಣ. 1979ರಲ್ಲಿ ಮೀಟರ್ ಗೇಜ್ ಮಾರ್ಗ ಪೂರ್ತಿಯಾಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ. ಘಟ್ಟದಲ್ಲಿ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಪ್ರತಿ 50 ಅಡಿಗೆ ಒಂದಡಿ ಏರು. ದೋಣಿಗಾಲ್, ಕಡಗರವಳ್ಳಿ, ಯಡಕುಮೇರಿ, ಶಿರಿಬಾಗಿಲು ಎಂಬ ನಿಲ್ದಾಣಗಳಲ್ಲಿ ಹತ್ತುವವರು ಇಳಿಯುವವರು ಹೆಚ್ಚಿಲ್ಲ, ಎದುರಿನ ಗಾಡಿಗೆ ದಾರಿ ಬಿಡಲು ನಿಲ್ಲುವುದೇ ಹೆಚ್ಚು.

1996ರಲ್ಲಿ ಬ್ರಾಡ್ ಗೇಜ್ ಮಾಡಲು ಘಟ್ಟದ ಮಾರ್ಗ ಮುಚ್ಚಿದರು. ಮತ್ತೆ ತೆರೆಯಲು ಹತ್ತು ವರ್ಷ ಬೇಕಾಯಿತು. ರೈಲ್ವೆ, ರಾಜ್ಯ ಸರ್ಕಾರ ಮತ್ತಿತರ ಪಾಲುದಾರರು ಸೇರಿ ಈ ಒಂದೇ ಕೆಲಸಕ್ಕಾಗಿ ಹಾಸನ–ಮಂಗಳೂರು ರೈಲು ಅಭಿವೃದ್ಧಿ ಕಂಪನಿ ಎಂದು ಒಂದು ಕಂಪನಿಯನ್ನೇ ಕಟ್ಟಿದರು. ಪ್ರಥಮ ಪಿಯುಸಿ ವ್ಯವಹಾರ ಅಧ್ಯಯನದಲ್ಲಿ ಸಾರ್ವಜನಿಕ–ಖಾಸಗಿ ಸಹಭಾಗಿತ್ವ ಎಂದು ಓದಿ ಮೂರು ಅಂಕದ ಉತ್ತರ ಬರೆದು ಬಂದವರೇ, ಅದರ ಉದಾಹರಣೆ ನಮ್ಮೂರ ಸ್ಟೇಷನ್ನಿನಿಂದಲೇ ಶುರುವಾಗುತ್ತದೆ. 2006ರ ಮೇ ತಿಂಗಳಲ್ಲಿ ಘಟ್ಟದಲ್ಲಿ ಗೂಡ್ಸ್ ರೈಲು ಓಡಿತು. ಜನರನ್ನು ಹೊತ್ತ ರೈಲು ಓಡಿದ್ದು 2007ರ ಡಿಸೆಂಬರಿನಲ್ಲಿ. ಅಂದರೆ ಅದಿರಿಗೂ ಗೊಬ್ಬರಕ್ಕೂ ಸಿಕ್ಕ ದಾರಿ ಮನುಷ್ಯರಿಗೆ ಸಿಕ್ಕಿದ್ದು ಒಂದೂವರೆ ವರ್ಷ ತಡವಾಗಿ.

ಇದನ್ನು ದೂರಾಗಿ ಹೇಳುತ್ತಿಲ್ಲ. ಹೊಸ ಹಳಿಯ ಮೇಲೆ ಮೊದಲು ಸರಕು ಓಡಿಸಿ, ಭದ್ರವಿದೆ ಎಂದು ಖಾತ್ರಿಯಾದ ಮೇಲೆ ಜನರನ್ನು ಕೂರಿಸುವುದು ಸರಿಯಾದ ಕ್ರಮವೇ. 2024ರ ಜುಲೈ ಕೊನೆಯಲ್ಲಿ ಯಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಗುಡ್ಡ ಜರಿದು ಸುಮಾರು ಎರಡು ವಾರ ಪ್ರಯಾಣಿಕರ ರೈಲುಗಳು ನಿಂತಿದ್ದವು. ಆ ಮಳೆಯಲ್ಲಿ ಹಳಿಯ ಕೆಳಗಿನ ಇಳಿಜಾರಿಗೆ ಕಲ್ಲು ಕಟ್ಟಿ ನಿಲ್ಲಿಸಿದ ಕೆಲಸಗಾರರನ್ನು ಟಿವಿಯಲ್ಲಿ ನೋಡಿದ್ದೇನೆ. ನನಗೆ ಬೇಕಾಗಿರುವುದು ಆ 2006 ಮತ್ತು 2007ರ ಕ್ರಮದಲ್ಲಿ ಅಡಗಿರುವ ಒಂದು ಲೆಕ್ಕ.

ದ್ವಿತೀಯ ಪಿಯುಸಿ ಅರ್ಥಶಾಸ್ತ್ರದಲ್ಲಿ ಉತ್ಪಾದನೆ ಮತ್ತು ವೆಚ್ಚಗಳು ಎಂಬ ಅಧ್ಯಾಯ ಇದೆಯಲ್ಲ, ಅದನ್ನು ಪಾಠ ಮಾಡುವಾಗ ನಮ್ಮ ಸರ್ ಸ್ಥಿರ ವೆಚ್ಚಕ್ಕೆ ಬೇಕರಿಯ ಉದಾಹರಣೆ ಕೊಟ್ಟರು. ಬನ್ನು ಒಂದು ಮಾಡಿದರೂ ಸಾವಿರ ಮಾಡಿದರೂ ಬೇಕರಿಯ ಬಾಡಿಗೆ ಅಷ್ಟೇ. ಮೈದಾ, ಸಕ್ಕರೆ ಮಾತ್ರ ಬನ್ನಿನ ಲೆಕ್ಕದ ಮೇಲೆ ಏರುತ್ತದೆ, ಅದು ಬದಲಾಗುವ ವೆಚ್ಚ. ಆಗ ನಾನು ಕೇಳಿದೆ, "ಸರ್, ಬನ್ನು ಮಾಡುವ ಒಲೆಯಲ್ಲೇ ಬಿಸ್ಕತ್ತೂ ಮಾಡಿದರೆ ಬಾಡಿಗೆಯಲ್ಲಿ ಬಿಸ್ಕತ್ತಿನ ಪಾಲು ಎಷ್ಟು?" ಸರ್ ನಕ್ಕು, "ಅದು ಬಿ.ಕಾಂ. ಪ್ರಶ್ನೆ, ಅಲ್ಲಿ ಹೋಗಿ ಜಗಳ ಆಡು," ಎಂದರು. ಬಿ.ಕಾಂ.ವರೆಗೆ ಕಾಯುವ ತಾಳ್ಮೆ ನನಗಿಲ್ಲ, ಇಲ್ಲೇ ಆಡುತ್ತೇನೆ.

ಪ್ರಯಾಣಿಕರ ಮೇಲಿನ ನಷ್ಟದ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಒಬ್ಬ ಪ್ರಯಾಣಿಕನನ್ನು ಒಂದು ಕಿಲೋಮೀಟರ್ ಒಯ್ಯಲು 1 ರೂಪಾಯಿ 38 ಪೈಸೆ ತಗಲುತ್ತದೆ, ನಾವು ತೆಗೆದುಕೊಳ್ಳುವುದು 73 ಪೈಸೆ ಎಂದು ರೈಲ್ವೆ ಸಚಿವರು 2025ರಲ್ಲಿ ಸಂಸತ್ತಿನಲ್ಲಿ ಹೇಳಿದರು. ಅದನ್ನು ನನ್ನ ದಾರಿಗೆ ಹಚ್ಚಿ ನೋಡಿದೆ. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿ.ಮೀ. ಖರ್ಚು 55 ರೂಪಾಯಿ 20 ಪೈಸೆ, ವಸೂಲಿ 29 ರೂಪಾಯಿ 20 ಪೈಸೆ, ವ್ಯತ್ಯಾಸ ಸರಿಯಾಗಿ 26 ರೂಪಾಯಿ. ದಿನಕ್ಕೆ ಎರಡು ಸಲ, ತಿಂಗಳಿಗೆ 25 ದಿನ ಎಂದರೆ ನಾನೊಬ್ಬಳೇ 1300 ರೂಪಾಯಿ ನಷ್ಟದ ಬಾಬ್ತು! ಈ ಕೊರತೆ ತುಂಬುವುದು ಮುಖ್ಯವಾಗಿ ಸರಕು. ರೈಲ್ವೆಯ ಆದಾಯದಲ್ಲಿ ಮೂರನೇ ಎರಡು ಪಾಲಿನ ಹತ್ತಿರ ಗೂಡ್ಸ್ ರೈಲಿನಿಂದಲೇ ಬರುತ್ತದೆ. ಸರಕಿನ ಬಾಡಿಗೆ ಹೆಚ್ಚಿಟ್ಟು ಜನರ ಟಿಕೆಟ್ ಕಡಿಮೆ ಇಡುತ್ತಾರೆ.

ಆದರೆ ಆ 1 ರೂಪಾಯಿ 38 ಪೈಸೆ ದೇಶಕ್ಕೆಲ್ಲ ಸೇರಿದ ಸರಾಸರಿ. ಅದರೊಳಗೆ ಎಂಜಿನ್ನಿನ ಡೀಸೆಲ್, ಕರೆಂಟು, ಗಾಡಿ ನಡೆಸುವವರ ಸಂಬಳ ಇದೆ. ಜೊತೆಗೆ ಹಳಿ, ಸೇತುವೆ, ಸಿಗ್ನಲ್, ಸ್ಟೇಷನ್, ಹಳಿ ಕಾಯುವ ಗ್ಯಾಂಗ್‌ನವರು, ಎಲ್ಲದರ ಪಾಲೂ ಇದೆ. ಈಗ ನಮ್ಮ ಮಾರ್ಗಕ್ಕೆ ಬನ್ನಿ. ಇಲ್ಲಿ ಪ್ರಯಾಣಿಕರ ಒಂದೂ ರೈಲು ಇಲ್ಲದಿದ್ದರೆ ಏನಾಗುತ್ತಿತ್ತು? 57 ಸುರಂಗವೂ ಇರುತ್ತಿತ್ತು. ಮಳೆಗಾಲದಲ್ಲಿ ರಾತ್ರಿಯೆಲ್ಲ ಟಾರ್ಚ್ ಹಿಡಿದು ಗುಡ್ಡ ಜರಿದಿದೆಯೇ ಎಂದು ನೋಡುತ್ತ ನಡೆಯುವವರೂ ಇರುತ್ತಿದ್ದರು. ಕಲ್ಲು ಬಿದ್ದರೆ ತೆಗೆಯಲೇಬೇಕಿತ್ತು. 2006ರ ಮೇಯಿಂದ 2007ರ ಡಿಸೆಂಬರ್‌ವರೆಗೆ ನಡೆದದ್ದು ಇದೇ ತಾನೇ? ಪ್ರಯಾಣಿಕರಿಲ್ಲದೆ ಹಳಿ ಇತ್ತು, ಅದರ ಖರ್ಚೂ ಇತ್ತು. ಹಾಗಾದರೆ ಆ ಬಾಡಿಗೆಯಲ್ಲಿ ಬಿಸ್ಕತ್ತಿನ ಪಾಲು ಎಂದು ಬರೆದದ್ದು ಯಾರೋ ಒಂದು ಸೂತ್ರ ಹಿಡಿದು ಹಂಚಿದ್ದು. ಸೂತ್ರ ಬದಲಾದರೆ ನನ್ನ 26 ರೂಪಾಯಿಯೂ ಬದಲಾಗುತ್ತದೆ. ಹೊಸದಾಗಿ ಒಂದು ಲೋಕಲ್ ರೈಲು ಹಾಕಬೇಕೇ ಬೇಡವೇ ಎಂದು ನಿರ್ಧರಿಸುವಾಗ ನೋಡಬೇಕಾದ್ದು ಸರಾಸರಿಯನ್ನಲ್ಲ, ಆ ಒಂದು ರೈಲು ಸೇರಿದ್ದರಿಂದ ಹೆಚ್ಚಾಗುವ ಖರ್ಚನ್ನು. ಪುಸ್ತಕದಲ್ಲಿ ಅದಕ್ಕೆ ಸೀಮಾಂತ ವೆಚ್ಚ ಎನ್ನುತ್ತಾರೆ. ಪರೀಕ್ಷೆಯಲ್ಲಿ ಇದರ ರೇಖೆ ಎಳೆದು ಅಂಕ ತೆಗೆದುಕೊಳ್ಳುವ ನಾವು, ರೈಲಿನ ಮಾತು ಬಂದಾಗ ಸರಾಸರಿ ಕೇಳಿ ತಲೆ ತಗ್ಗಿಸುತ್ತೇವೆ.

ಈ ವಾದವನ್ನು ಮನೆಯಲ್ಲಿ ಅಬ್ಬಾ ಮುಂದೆ ಇಟ್ಟೆ. (ನಮ್ಮ ಮನೆ ಮಾತು ಉರ್ದು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.) ಅವರು ಚಹಾದ ಲೋಟ ಕೆಳಗಿಟ್ಟು ಕೇಳಿದ್ದು ಒಂದೇ ಪ್ರಶ್ನೆ. "ನಿನ್ನ ಗಾಡಿಗೆ ದಾರಿ ಬಿಡೋಕೆ ನನ್ನ ರೇಕ್ ಎಷ್ಟು ಹೊತ್ತು ನಿಲ್ಲಬೇಕು ಬೇಟಾ?"

ಅಬ್ಬಾ ಗೂಡ್ಸ್ ಶೆಡ್ಡಿನಿಂದ ಗೊಬ್ಬರ, ಸಿಮೆಂಟು ಹೊತ್ತು ಸೊಸೈಟಿಗಳಿಗೂ ಅಂಗಡಿಗಳಿಗೂ ಮುಟ್ಟಿಸುವ ಲಾರಿ ಓಡಿಸುತ್ತಾರೆ. ನಮ್ಮ ಮನೆಯ ಒಲೆ ಉರಿಯುವುದು ಗೂಡ್ಸ್ ರೈಲಿನಿಂದ. ಯೂರಿಯಾದ ಒಂದು ರೇಕ್ ಬಂತೆಂದರೆ 42ರಷ್ಟು ವ್ಯಾಗನ್, ಒಂದೊಂದರಲ್ಲಿ 60 ಟನ್ನಿನ ಆಸುಪಾಸು. ಯೂರಿಯಾ ಚೀಲ ಈಗ 45 ಕಿಲೋ. ಹಾಗಾಗಿ ಒಂದೇ ವ್ಯಾಗನ್ನಿನಲ್ಲಿ ಸಾವಿರದ ಮುನ್ನೂರು ಚೀಲ. ಅಷ್ಟನ್ನೂ ಹಮಾಲರು ಬೆನ್ನ ಮೇಲೆ ಇಳಿಸಬೇಕು. ಇಷ್ಟು ಗಂಟೆಯೊಳಗೆ ವ್ಯಾಗನ್ ಖಾಲಿಯಾಗದಿದ್ದರೆ ಮಾಲಿನವರಿಗೆ ಡೆಮರೇಜ್ ಬೀಳುತ್ತದೆ. ಆದ್ದರಿಂದ ರೇಕ್ ಬರುವ ಸುದ್ದಿ ಬಂದರೆ ಅಬ್ಬಾ ರಾತ್ರಿ ಎರಡು ಗಂಟೆಗೂ ಎದ್ದು ಹೊರಡುತ್ತಾರೆ, ರೇಕ್ ತಡವಾದರೆ ಲಾರಿಯ ಕ್ಯಾಬಿನ್ನಿನಲ್ಲೇ ಮಲಗುತ್ತಾರೆ. ರಂಜಾನಿನಲ್ಲಿ ಎರಡು ಸಲ ಶೆಡ್ಡಿನ ಹೊರಗೆ ಹಮಾಲರ ಜೊತೆಯೇ ಸೆಹ್ರಿ ಮಾಡಿದ್ದರು. ಅವರಿಗೆ ಟ್ರಿಪ್ಪಿನ ಲೆಕ್ಕದಲ್ಲಿ ದುಡ್ಡು. ಕಾದ ಹೊತ್ತಿಗೆ ಯಾರೂ ಕೊಡುವುದಿಲ್ಲ.

ಹಾಗಾಗಿ ಅವರ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಲು ನನಗೆ ಆಗಲಿಲ್ಲ. ಮರುದಿನ ಸರ್ ಕೂಡ ಅದನ್ನೇ ಬೇರೆ ಮಾತಿನಲ್ಲಿ ಹೇಳಿದರು. "ನೀನು ಅವಕಾಶ ವೆಚ್ಚ ಮರೆತೆ." ಒಂದೇ ಹಳಿಯ ಮಾರ್ಗದಲ್ಲಿ ನಿಜವಾಗಿ ಮಾರಾಟಕ್ಕಿರುವುದು ಹೊತ್ತು. ಘಟ್ಟದಲ್ಲಿ ಗೂಡ್ಸ್ ರೈಲಿಗೆ ಹಿಂದಿನಿಂದ ತಳ್ಳಲು ಬೇರೆ ಎಂಜಿನ್ ಹಚ್ಚುತ್ತಾರೆ. ಅಲ್ಲಿ ವೇಗವೇ ಗಂಟೆಗೆ 30 ಕಿ.ಮೀ. ಮಟ್ಟದ್ದು. ಒಂದು ಗಾಡಿ ಎರಡು ಸ್ಟೇಷನ್ನಿನ ನಡುವೆ ಹತ್ತುತ್ತಿರುವಾಗ ಇನ್ನೊಂದು ಕಾಯಲೇಬೇಕು. ಅಲ್ಲಿಗೆ ಪ್ರಯಾಣಿಕರ ಒಂದು ರೈಲು ಸೇರಿಸಿದರೆ ಒಂದು ಗೂಡ್ಸಿನ ಜಾಗ ಹೋಗಬಹುದು, ಆ ಗೂಡ್ಸಿನ ಬಾಡಿಗೆಯೇ ಆ ರೈಲಿನ ನಿಜವಾದ ಖರ್ಚು. ಬಾಡಿಗೆ ಅಷ್ಟೇ ಇದ್ದರೂ ಒಲೆಯಲ್ಲಿ ಬಿಸ್ಕತ್ತಿಟ್ಟ ಹೊತ್ತಿನಲ್ಲಿ ಬನ್ನು ಬೇಯುವುದಿಲ್ಲ.

ಇದು ಸರಿ, ಒಪ್ಪಿದೆ. ಎರಡು ದಿನ ನನ್ನ ವಾದ ಸತ್ತೇ ಹೋಯಿತು ಅಂದುಕೊಂಡಿದ್ದೆ.

ಆಮೇಲೆ ಬಸ್ಸಿನಲ್ಲಿ ನಿಂತುಕೊಂಡು ಬರುವಾಗ (ನಿಂತುಕೊಂಡೇ, ಅದರ ಬಗ್ಗೆ ಮುಂದೆ ಹೇಳುತ್ತೇನೆ) ಹೊಳೆಯಿತು. ನಾವು ಕೇಳುತ್ತಿರುವುದು ಘಟ್ಟದ ರೈಲನ್ನೇ ಅಲ್ಲವಲ್ಲ! ಸಕಲೇಶಪುರದಿಂದ ಹಾಸನದವರೆಗೆ 57 ಸುರಂಗ ಇಲ್ಲ, ತಳ್ಳುವ ಎಂಜಿನ್ ಬೇಡ. ಏರಿಳಿತ ಇದೆ, ಕಾಫಿ ತೋಟ ಇದೆ, ಅಷ್ಟೇ. ಘಟ್ಟದ ಬಾಯಿಯಲ್ಲಿ ಗಾಡಿಗಳು ಒಂದರ ಹಿಂದೆ ಒಂದು ನಿಧಾನವಾಗಿ ಬರುವುದರಿಂದ, ಮೇಲಿನ ಈ ಸಮತಟ್ಟಿನ ಭಾಗದಲ್ಲಿ ಅವುಗಳ ನಡುವೆ ಬಿಡುವು ಇರಲೇಬೇಕು. ಸೀಸೆಯ ಕತ್ತು ಕಿರಿದಾಗಿದ್ದರೆ ಕತ್ತಿನಾಚೆಯ ಹೊಟ್ಟೆಯಲ್ಲಿ ಜಾಗ ಖಾಲಿ ಇರುತ್ತದೆ. ಬೆಳಿಗ್ಗೆ ಸಕಲೇಶಪುರದಿಂದ ಹೊರಟು ಆಲೂರಿನಲ್ಲಿ ನಿಂತು ಹಾಸನಕ್ಕೆ ಬರುವ ಒಂದು ಸಣ್ಣ ರೈಲು, ಸಂಜೆ ವಾಪಸ್ ಒಂದು, ಘಟ್ಟದ ಒಂದು ನಿಮಿಷವನ್ನೂ ತಿನ್ನುವುದಿಲ್ಲ. ಖರ್ಚೇ ಇಲ್ಲ ಎನ್ನುವುದಿಲ್ಲ. ಬೋಗಿಗಳು ಬೇಕು, ಪೈಲಟ್ ಬೇಕು, ರಾತ್ರಿ ಗಾಡಿ ನಿಲ್ಲಲು ಸಕಲೇಶಪುರದಲ್ಲಿ ಹಳಿ ಬೇಕು, ಹಾಸನದಲ್ಲಿ ಪ್ಲಾಟ್‌ಫಾರ್ಮ್ ಖಾಲಿ ಸಿಗಬೇಕು. ಆದರೆ ಇವು ಕೂಡಿಸಿ ನೋಡಬಹುದಾದ ಖರ್ಚುಗಳು. "ಪ್ಯಾಸೆಂಜರ್ ಅಂದ್ರೆ ಲಾಸ್" ಎಂದು ಬಾಗಿಲು ಹಾಕುವುದಕ್ಕಿಂತ ಇದನ್ನು ಕೂಡಿಸಿ ತೋರಿಸುವುದು ಮರ್ಯಾದೆಯ ಉತ್ತರ.

ಈಗಿರುವ ರೈಲುಗಳ ಬಗ್ಗೆ ಅಸೂಯೆ ಇಲ್ಲ. ಬೆಂಗಳೂರಿನಿಂದ ಮಂಗಳೂರು, ಕಾರವಾರ, ಮುರ್ಡೇಶ್ವರ, ಕಣ್ಣೂರಿಗೆ ಹೋಗುವ ರೈಲುಗಳು ಈ ದಾರಿಯಲ್ಲೇ ಹೋಗುತ್ತವೆ. ಅವು ದೂರದವರಿಗಾಗಿ ಇರುವಂಥವು. ಹಾಸನದ ಕಡೆಗೆ ಬರುವಾಗ ಕೆಲವು ಸಕಲೇಶಪುರಕ್ಕೆ ಬರುವುದು ನಾವು ಗಾಢ ನಿದ್ದೆಯಲ್ಲಿರುವಾಗ, ಕೆಲವು ನಾವು ಮಧ್ಯಾಹ್ನದ ಪೀರಿಯಡ್ಡಿನಲ್ಲಿರುವಾಗ. 2021ರಿಂದ ಹಗಲಿನ ರೈಲಿಗೆ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಯೂ ಬಂದಿದೆ. ನಮ್ಮ ಘಟ್ಟ ನೋಡಲು ಜನ ಅಷ್ಟು ದುಡ್ಡು ಕೊಟ್ಟು ಬರುತ್ತಾರೆ ಎಂದರೆ ಹೆಮ್ಮೆಯೇ. ಆದರೆ ಆ ಗಾಜಿನಿಂದ ಕಾಣುವ ಊರುಗಳಲ್ಲೂ ಬೆಳಿಗ್ಗೆ ಒಂಬತ್ತೂವರೆಗೆ ಹಾಜರಿ ಕೂಗಿಸಿಕೊಳ್ಳುವವರು ಇದ್ದೇವೆ.

ಸರಕನ್ನೇ ನಂಬಿ ಕೂರುವವರಿಗೆ ಇನ್ನೊಂದು ಮಾತು. ಈ ಮಾರ್ಗ ಬ್ರಾಡ್ ಗೇಜ್ ಆದಾಗ ದೊಡ್ಡ ಗಿರಾಕಿ ಕಬ್ಬಿಣದ ಅದಿರು. ಬಳ್ಳಾರಿ ಕಡೆಯಿಂದ ಬಂದರಿಗೆ ರೇಕ್ ಮೇಲೆ ರೇಕ್. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತನ್ನು ನಿಷೇಧಿಸಿತು, 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಅಕ್ರಮ ಗಣಿಗಾರಿಕೆ ನಿಂತದ್ದು ಒಳ್ಳೆಯದೇ ಆಯಿತು. ಆದರೆ ಹಳಿಯ ಕಡೆಯಿಂದ ನೋಡಿದರೆ ದೊಡ್ಡ ಗಿರಾಕಿ ಅಂಗಡಿಗೆ ಬರುವುದನ್ನು ನಿಲ್ಲಿಸಿದಂತೆ. ಪೆಟ್ರೋಲು, ಡೀಸೆಲ್ಲು ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಪೈಪ್‌ಲೈನಿನಲ್ಲೇ ಹೋಗುತ್ತದೆ, ಅದೂ ರೈಲಿನದಲ್ಲ. ಸರಕಿನ ಗಿರಾಕಿ ದೊಡ್ಡವನು, ಆದರೆ ಒಂದು ಆದೇಶಕ್ಕೆ, ಒಂದು ಪೈಪಿಗೆ ಹೋಗಿಬಿಡುತ್ತಾನೆ. ನಾವು ಸಣ್ಣ ಗಿರಾಕಿಗಳು. ಕೋರ್ಟು ಯಾವ ಆದೇಶ ಕೊಟ್ಟರೂ ಸಕಲೇಶಪುರದ ಮಕ್ಕಳು ಹಾಸನಕ್ಕೆ ಓದಲು ಬರುವುದು ನಿಲ್ಲುವುದಿಲ್ಲ. ಇದನ್ನು ಹೇಳಿದಾಗ ಅಬ್ಬಾ ತಲೆಯಾಡಿಸಿದರು. ಅದಿರು ನಿಂತ ವರ್ಷಗಳಲ್ಲಿ ಶೆಡ್ಡಿನ ಸುತ್ತಮುತ್ತ ಎಷ್ಟು ಚಹಾದಂಗಡಿ ಮುಚ್ಚಿದವು ಎಂದು ಅವರಿಗೆ ಗೊತ್ತಿದೆ.

ಈಗ ಬಸ್ಸಿನ ವಿಷಯ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನನಗೆ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಅದು ಇಲ್ಲದಿದ್ದರೆ ನಾನು ಹಾಸನದಲ್ಲಿ ಓದುತ್ತಲೇ ಇರಲಿಲ್ಲವೇನೋ. ಆದ್ದರಿಂದ ಅದನ್ನು ಆಡಿಕೊಳ್ಳುವವರ ಸಾಲಿನಲ್ಲಿ ನಾನಿಲ್ಲ. ಆದರೆ ಟಿಕೆಟ್ಟೂ ಇಲ್ಲ, ಸೀಟೂ ಇಲ್ಲ. ಕರಾವಳಿ ಕಡೆಯಿಂದ ಬರುವ ಬಸ್ಸು ಸಕಲೇಶಪುರ ಮುಟ್ಟುವಷ್ಟರಲ್ಲಿ ತುಂಬಿರುತ್ತದೆ. ಆಲೂರಿನಲ್ಲಿ ಹತ್ತುವ ನನ್ನ ಗೆಳತಿಗೆ ಕಾಲಿಡಲು ಮೆಟ್ಟಿಲೇ ಗತಿ. ಮಳೆಗಾಲದಲ್ಲಿ ಶಿರಾಡಿಯಲ್ಲಿ ಮಣ್ಣು ಕುಸಿದರೆ ಬರುವ ಬಸ್ಸೇ ಇಲ್ಲ. ಅಂಥ ದಿನ ಮೊದಲ ಪೀರಿಯಡ್ ಹೋಯಿತು, ಹಾಜರಿ ಹೋಯಿತು. ನಮ್ಮ ಹುಡುಗರಿಗಂತೂ ಬಸ್ ಪಾಸಿನ ದುಡ್ಡೂ ಹೋಗುತ್ತದೆ.

ಬೆಳಿಗ್ಗೆ ಹೇಗೋ ಆಗುತ್ತದೆ. ಸಂಜೆಯೇ ಕಷ್ಟ. ಡಿಸೆಂಬರಿನಲ್ಲಿ ಆರು ಗಂಟೆ ದಾಟಿದರೆ ಕತ್ತಲು, ಮಗ್ರಿಬ್ ಆಗಿರುತ್ತದೆ. ಒಂದು ಬಸ್ಸು ತಪ್ಪಿದರೆ ಮನೆ ಸೇರುವುದು ಏಳೂವರೆ, ಎಂಟು. ಅಮ್ಮಿ ಗೇಟಿನ ಹತ್ತಿರ ನಿಂತಿರುತ್ತಾರೆ, ಬೈಯುವುದಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು. ನಮ್ಮ ಆಪಾ ನನಗಿಂತ ಚೆನ್ನಾಗಿ ಓದುತ್ತಿದ್ದಳು. ಪಿಯುಸಿ ಆದ ಮೇಲೆ ಹಾಸನಕ್ಕೆ ಡಿಗ್ರಿಗೆ ಸೇರಿ ಒಂದು ಮಳೆಗಾಲ ಓಡಾಡಿದಳು. ಎರಡನೆಯ ಮಳೆಗಾಲಕ್ಕೆ ಮನೆಯಲ್ಲಿ ಯಾರೂ ಬೇಡ ಎನ್ನಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಪುಸ್ತಕಗಳು ಈಗ ನನ್ನ ಕಪಾಟಿನಲ್ಲಿವೆ. ಬರುವ ವರ್ಷ ನನ್ನ ಸರದಿ. ಇದನ್ನು ಧರ್ಮಕ್ಕೋ ನಮ್ಮ ಜನಕ್ಕೋ ಹಚ್ಚಿ "ಅವರ ಮನೆ ಹೆಣ್ಣುಮಕ್ಕಳನ್ನು ಓದಿಸುವುದಿಲ್ಲ" ಎನ್ನುವವರು ಇದ್ದಾರೆ. ನಮ್ಮ ಬೀದಿಯಲ್ಲಿ ಹಿಂದೂಗಳ ಮನೆಯ ಇಬ್ಬರು ಹುಡುಗಿಯರೂ ಇದೇ ಬಸ್ಸಿನ ಕಾರಣಕ್ಕೆ ಬಿಟ್ಟಿದ್ದಾರೆ. ಅಬ್ಬಾ ಆಪಾಳ ಫೀಸು ಕಟ್ಟಲು ಎಂದೂ ಹಿಂದೆ ಮುಂದೆ ನೋಡಿದವರಲ್ಲ. ಓದು ನಿಂತದ್ದು 40 ಕಿಲೋಮೀಟರಿನಲ್ಲಿ, ಮನೆಯ ಹೊಸ್ತಿಲಿನಲ್ಲಲ್ಲ.

ಇದನ್ನೆಲ್ಲ ಬರೆಯಲು ಕೂತಾಗ ಸಿಕ್ಕ ಒಂದು ಸಂಗತಿ ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತು ಎಂದು ಕೇಳಬೇಕಿದೆ. ಮನೆಗೂ ಓದುವ ಜಾಗಕ್ಕೂ ನಡುವೆ ಓಡಾಡಲು ವಿದ್ಯಾರ್ಥಿಗಳಿಗೆ ರೈಲಿನಲ್ಲಿ ಎರಡನೇ ದರ್ಜೆಯ ತಿಂಗಳ ಸೀಸನ್ ಟಿಕೆಟ್ ಪೂರ್ತಿ ಉಚಿತ. ಹುಡುಗಿಯರಿಗೆ ಪದವಿ ಮುಗಿಯುವವರೆಗೆ, ಹುಡುಗರಿಗೆ 12ನೇ ತರಗತಿಯವರೆಗೆ. 2008ರ ರೈಲ್ವೆ ಬಜೆಟ್‌ನಲ್ಲಿ ಈ ಮಿತಿಯನ್ನು ಇಷ್ಟಕ್ಕೆ ಏರಿಸಿದರು. ಮದರಸಾದ ವಿದ್ಯಾರ್ಥಿಗಳೂ ಇದರಲ್ಲಿ ಸೇರುತ್ತಾರೆ. ಎಂದರೆ ಹುಡುಗರಿಗೂ ಪಾಸಿನ ದುಡ್ಡು ಉಳಿಯುತ್ತದೆ, ಆಪಾಳಂಥವರಿಗೆ ಬಿ.ಕಾಂ. ಮುಗಿಯುವವರೆಗೆ ದಾರಿ ಇರುತ್ತದೆ. ನಾನು ಕೇಳಿದ ಹದಿನೈದು ಇಪ್ಪತ್ತು ಸಹಪಾಠಿಗಳಲ್ಲಿ ಒಬ್ಬರಿಗೂ ಇದು ಗೊತ್ತಿರಲಿಲ್ಲ. ಗೊತ್ತಿದ್ದರೂ ಏನು ಮಾಡುತ್ತಿದ್ದರು? ಪಾಸು ಇದೆ, ಹಳಿ ಇದೆ, ಸ್ಟೇಷನ್ ಇದೆ, ಒಂಬತ್ತೂವರೆಗೆ ಮುಂಚೆ ಬರುವ ರೈಲು ಮಾತ್ರ ಇಲ್ಲ.

ಉಚಿತ ಪಾಸಿನವರನ್ನು ತುಂಬಿಕೊಂಡ ರೈಲಿನಿಂದ ರೈಲ್ವೆಗೆ ಏನು ಬಂತು ಎಂದು ಯಾರಾದರೂ ಕೇಳಬಹುದು. ನನ್ನ ವಾದದ ದುರ್ಬಲ ಜಾಗ ಇದೇ, ಮುಚ್ಚಿಡುವುದಿಲ್ಲ. ಆದರೆ ಆ ರೈಲಿನಲ್ಲಿ ನಾವು ಮಾತ್ರ ಇರುವುದಿಲ್ಲ. ಹಾಸನದ ಆಸ್ಪತ್ರೆಗೆ ಬರುವವರು, ಜಿಲ್ಲಾ ಕಚೇರಿಗೆ ಬರುವವರು, ಅಂಗಡಿಗಳಲ್ಲಿ ಕೆಲಸ ಮಾಡುವವರು, ಬೆಂಗಳೂರು, ಮೈಸೂರು, ಅರಸೀಕೆರೆ ಕಡೆಗೆ ರೈಲು ಬದಲಿಸುವವರು ಟಿಕೆಟ್ ಕೊಂಡೇ ಹತ್ತುತ್ತಾರೆ. ಇನ್ನು ನಮ್ಮ ಪಾಲಿನ ನಷ್ಟ ತುಂಬುವುದು ಸರಕಿನ ಬಾಡಿಗೆ ಎಂದಾದರೆ, ಆ ಬಾಡಿಗೆ ಸೇರಿಕೊಂಡ ಸಿಮೆಂಟಿನಲ್ಲಿ ಮನೆ ಕಟ್ಟುವವರು ಯಾರು? ಆ ಗೊಬ್ಬರ ಹಾಕಿದ ಭತ್ತದ ಅಕ್ಕಿ ಉಣ್ಣುವವರು ಯಾರು? ಸಕಲೇಶಪುರದವರೂ ಆಲೂರಿನವರೂ ಅದನ್ನು ಕೊಡುತ್ತಲೇ ಇದ್ದಾರೆ. ಟಿಕೆಟ್ಟಿನ ಕೆಳಗೆ ಅದನ್ನು ಅಚ್ಚು ಹಾಕಲು ಜಾಗ ಸಾಲಲಿಲ್ಲ ಅಂತ ಕಾಣುತ್ತದೆ.

ಈ ಮಾರ್ಗದ ನಮ್ಮ ಭಾಗ ಇರುವುದು ನೈರುತ್ಯ ರೈಲ್ವೆಯ ಮೈಸೂರು ವಿಭಾಗದಲ್ಲಿ. ಪ್ರತಿ ವಿಭಾಗದಲ್ಲೂ ಬಳಕೆದಾರರ ಸಲಹಾ ಸಮಿತಿ ಇರುತ್ತದೆ, ಮನವಿಗಳು ಅಲ್ಲಿ ಚರ್ಚೆಗೆ ಬರುತ್ತವೆ. ಸುಮ್ಮನೆ "ರೈಲು ಕೊಡಿ" ಎಂದು ಬರೆದರೆ ಬರುವ ಉತ್ತರ ನಮಗೆ ಗೊತ್ತು. ಎಷ್ಟು ಜನ, ಯಾವ ಊರಿನಿಂದ, ಎಷ್ಟು ಗಂಟೆಗೆ ಎಂದು ಬರೆಯಬೇಕು. ಪ್ರಾಂಶುಪಾಲರ ಒಪ್ಪಿಗೆ ಪಡೆದು ಗ್ರಂಥಾಲಯದ ಮೇಜಿನ ಮೇಲೆ ಒಂದು ಉದ್ದನೆಯ ರಿಜಿಸ್ಟರ್ ಇಟ್ಟಿದ್ದೇವೆ. ಆಲೂರು, ಸಕಲೇಶಪುರ ಮತ್ತು ನಡುವಿನ ಊರುಗಳಿಂದ ಬರುವವರು, ಉಪನ್ಯಾಸಕರೂ ಸೇರಿ, ಊರು, ಮನೆ ಬಿಡುವ ಹೊತ್ತು, ಮನೆ ಸೇರುವ ಹೊತ್ತು ಬರೆಯಿರಿ. ಓದು ಬಿಟ್ಟ ಅಕ್ಕ ತಂಗಿಯರಿದ್ದರೆ ಕೊನೆಯ ಕಾಲಮ್ಮಿನಲ್ಲಿ ಸಂಖ್ಯೆ ಹಾಕಿ, ಹೆಸರು ಬೇಡ. ಸಕಲೇಶಪುರದ ಕಾಲೇಜುಗಳಲ್ಲಿ ಓದಲು ಹಾಸನದ ಕಡೆಯಿಂದ ಹೋಗುವವರೂ ಇದ್ದಾರೆ, ವಾಪಸ್ ಗಾಡಿ ಖಾಲಿ ಹೋಗಬಾರದಲ್ಲ, ಅವರ ಲೆಕ್ಕವನ್ನೂ ಕೇಳುತ್ತಿದ್ದೇವೆ. ಬೇರೆ ಕಾಲೇಜುಗಳ ವಿದ್ಯಾರ್ಥಿಗಳೊಂದಿಗೂ ಮಾತಾಡಿದ್ದೇವೆ.

ಮನವಿಯ ಕರಡನ್ನು ಅಬ್ಬಾಗೆ ಓದಿ ಹೇಳಿದೆ. ಬೆಳಿಗ್ಗೆ ಏಳೂಕಾಲಕ್ಕೆ ಸಕಲೇಶಪುರ ಬಿಡುವ ರೈಲು ಎಂದು ಬರೆದಿದ್ದೆ. ಅವರು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಯೋಚಿಸಿ, ಏಳೂಮುಕ್ಕಾಲು ಮಾಡು ಅಂದರು. ಬೆಳಗಿನ ರೇಕ್ ಶೆಡ್ಡಿಗೆ ಸೇರಿದ ಮೇಲೆ ಹಳಿ ಖಾಲಿಯಾಗಲು ಅಷ್ಟು ಹೊತ್ತು ಬೇಕು, ಇಲ್ಲದಿದ್ದರೆ ನಿನ್ನ ಗಾಡಿಯನ್ನು ಹಾಸನದ ಹೊರಗೆ ನಿಲ್ಲಿಸುತ್ತಾರೆ ಅಂದರು. ಅದು ಅವರ ಅಂದಾಜು, ಸ್ಟೇಷನ್ನಿನವರಿಗೆ ಹೆಚ್ಚು ಗೊತ್ತಿರುತ್ತದೆ. ಆದರೂ ಏಳೂಕಾಲು ಹೊಡೆದು ಏಳೂಮುಕ್ಕಾಲು ಎಂದು ತಿದ್ದಿದ್ದೇನೆ. ರಿಜಿಸ್ಟರ್ ಈ ತಿಂಗಳ ಕೊನೆಯವರೆಗೆ ಅಲ್ಲೇ ಇರುತ್ತದೆ.